ಅಳಿಸಿಹೋದ ಹಕಾರ

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಹೆತ್ತವರೇ,

ಕಳೆದ ಜೂನ್ ತಿಂಗಳಲ್ಲಿ ನನ್ನ ಮಗಳು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ನಾಲ್ಕನೆಯ ತರಗತಿಗೆ ಕಾಲಿಟ್ಟಳು. ಅದೇ ವಾರ ಆ ತರಗತಿಗೆ ನೇಮಕವಾಗಿ ಬಂದ ಅಧ್ಯಾಪಕರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಸಜ್ಜನರು, ಆದೇಶ ಬಂದ ಕಡೆಗೆ ಬಂದವರು. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಕನ್ನಡ ಪಠ್ಯಪುಸ್ತಕವನ್ನು ಕೈಯಲ್ಲಿ ಹಿಡಿದು ಮಲಯಾಳದಲ್ಲಿ ಸನ್ನೆ ಮಾಡುವ ಗುರುಗಳ ಮುಂದೆ ಒಂಬತ್ತು ವರ್ಷದ ಮಗು ಏನನ್ನು ಕಲಿತೀತು? ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ನಾವು ಶಿಕ್ಷಕ-ರಕ್ಷಕ ಸಂಘದಿಂದ ಮನವಿಗಳನ್ನು ಬರೆದೆವು, ಈಗಲೂ ಬರೆಯುತ್ತಿದ್ದೇವೆ. ಆ ಕಥೆ ನಿಮಗೆಲ್ಲ ತಿಳಿದದ್ದೇ. ಇಲ್ಲಿ ಹೇಳಹೊರಟಿರುವುದು ಬೇರೆ.

ಮನವಿಗೆ ಉತ್ತರ ಬರುವವರೆಗೆ ಮಕ್ಕಳ ಕಿವಿ ಬರಿದಾಗಿರಬಾರದೆಂದು, ನಿವೃತ್ತರಾಗಿ ನಮ್ಮೂರಲ್ಲೇ ಇರುವ ಹಿರಿಯ ಮಾಸ್ತರರೊಬ್ಬರನ್ನು ಕೇಳಿಕೊಂಡೆ. ಅವರು ಪಾಠಗಳನ್ನು ಗಟ್ಟಿಯಾಗಿ ಓದಿ, ಕಠಿಣ ಪದಗಳ ಅರ್ಥ ಹೇಳಿ, ಕೊನೆಗೆ ಹತ್ತು ವಾಕ್ಯಗಳ ಉಕ್ತಲೇಖನ ಕೊಡುವುದು. ನಾನು ಅದನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಮುದ್ರಿಸಿ, ತಿದ್ದಿ, ತರಗತಿಯ ಇಪ್ಪತ್ತೆರಡು ಮನೆಗಳಿಗೆ ಮೊಬೈಲಿನಲ್ಲಿ ಕಳುಹಿಸುವುದು ಎಂದು ನಿಶ್ಚಯವಾಯಿತು. ಒಂದು ಯುಎಸ್‌ಬಿ ಮೈಕ್ ಕೊಂಡೆ. ಉಚಿತವಾಗಿ ದೊರೆಯುವ ಅಡಾಸಿಟಿ ಎಂಬ ತಂತ್ರಾಂಶವನ್ನು ಹಾಕಿಕೊಂಡೆ. ನಾನು ಲೆಕ್ಕಪತ್ರ ಬರೆಯುವವನು; ಧ್ವನಿಯ ವಿದ್ಯೆ ನನ್ನದಲ್ಲ.

ಮೊದಲ ದಿನ ಮಾಸ್ತರರ ಧ್ವನಿ ಬಾವಿಯೊಳಗಿಂದ ಬಂದಂತಿತ್ತು. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಮೈಕನ್ನು ಬೆರಳಿನಿಂದ ತಟ್ಟಿ ನೋಡಿದೆ. ಪರದೆಯ ಮೇಲಿನ ಮಾಪಕ ಅಲುಗಲಿಲ್ಲ. ಲ್ಯಾಪ್‌ಟಾಪಿನ ಮೈಯನ್ನು ತಟ್ಟಿದೆ, ನೆಗೆಯಿತು. ಹೊಸ ಮೈಕ್ ಎದುರಿಗಿದ್ದರೂ ಯಂತ್ರವು ತನ್ನದೇ ಒಳಗಿನ ಮೈಕಿನಿಂದ ಕೇಳಿಸಿಕೊಳ್ಳುತ್ತಿತ್ತು. ತಂತ್ರಾಂಶದಲ್ಲಿ ಮುದ್ರಣದ ಸಾಧನವನ್ನು ಬದಲಿಸಿದೊಡನೆ ಸರಿಹೋಯಿತು. ಮತ್ತೆ ಹಿನ್ನೆಲೆಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಆವರ್ತನದ ನಕ್ಷೆಯಲ್ಲಿ 50ರಲ್ಲಿಯೂ 100ರಲ್ಲಿಯೂ ಎರಡು ಶಿಖರಗಳು ಕಂಡವು. ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ಓಡಿಸಿದಾಗ ಅದು ನಿಂತಿತು. ಪಕಾರ ಭಕಾರಗಳು ಬಂದಾಗಲೆಲ್ಲ ‘ಡಬ್’ ಎಂದು ಸಿಡಿಯುತ್ತಿದ್ದುದಕ್ಕೆ ಮೈಕನ್ನು ಬಾಯಿಯ ನೇರದಿಂದ ಸರಿಸಿ ಒಂದು ಗೇಣು ದೂರದಲ್ಲಿ ಓರೆಯಾಗಿ ಇಟ್ಟದ್ದೇ ಮದ್ದಾಯಿತು. ಚಾವಡಿಯ ಬರಿಯ ಗೋಡೆಗಳು ಮಾತನ್ನು ಮರಳಿಸುತ್ತಿದ್ದವು. ಅಡಿಕೆಗೋಣಿಗಳನ್ನು ಅಟ್ಟಿ ಹಾಕಿದ ಕೋಣೆಗೆ ಹೋದೆವು. ಆ ಗೋಣಿಗಳಿಗಿಂತ ಉತ್ತಮವಾದ ಸ್ಟುಡಿಯೋ ನಮ್ಮ ಊರಲ್ಲಿಲ್ಲ.

ಇಷ್ಟರಲ್ಲಿ ಮಳೆ ಹಿಡಿಯಿತು. ಹಂಚಿನ ಮಾಡಿನ ಮೇಲೆ ನಮ್ಮ ಕರಾವಳಿಯ ಆಷಾಢದ ಮಳೆ ಬೀಳುವ ಸದ್ದನ್ನು ಬಲ್ಲವರೇ ಬಲ್ಲರು. ತಂತ್ರಾಂಶದಲ್ಲಿ ಸದ್ದನ್ನು ತಗ್ಗಿಸುವ ಸಾಧನವೊಂದಿದೆ: ಮಾತಿಲ್ಲದ ಕೆಲವು ಕ್ಷಣಗಳನ್ನು ಆಯ್ದು ‘ಇದೇ ಗದ್ದಲ’ ಎಂದು ಅದಕ್ಕೆ ಪರಿಚಯಿಸಿದರೆ, ಉಳಿದ ಭಾಗದಲ್ಲಿ ಅಂಥದ್ದನ್ನೇ ಹುಡುಕಿ ತಗ್ಗಿಸುತ್ತದೆ. ನಾನು ಅದನ್ನು 24 ಡೆಸಿಬೆಲ್‌ಗೆ ಏರಿಸಿ, ಅದೇ ಪಾಠಕ್ಕೆ ಎರಡು ಸಲ ಹಾಯಿಸಿದೆ. ಸಾಲದೆಂದು, ಧ್ವನಿ ಒಂದು ಮಟ್ಟಕ್ಕಿಂತ ಕೆಳಗಿಳಿದಾಗಲೆಲ್ಲ ಬಾಗಿಲು ಮುಚ್ಚುವ ನಾಯ್ಸ್ ಗೇಟನ್ನೂ ಹಾಕಿದೆ. ಮಳೆ ಮಾಯವಾಯಿತು. ಹೆಮ್ಮೆಯಿಂದ ಮೂರು ಪಾಠಗಳನ್ನು ಎಲ್ಲರಿಗೂ ಕಳುಹಿಸಿದೆ.

ಎರಡು ವಾರಗಳ ಬಳಿಕ ಮಗಳ ಉಕ್ತಲೇಖನದ ಪುಸ್ತಕ ನೋಡಿದೆ. ‘ಹಾಡು’ ಇರಬೇಕಾದಲ್ಲಿ ‘ಆಡು’, ‘ಹುಲಿ’ ಇರಬೇಕಾದಲ್ಲಿ ‘ಉಲಿ’, ‘ಹಳೆಯ’ ಎಂಬಲ್ಲಿ ‘ಅಳೆಯ’. ಇನ್ನೊಂದು ಪುಟದಲ್ಲಿ ‘ಅಕ್ಕ ನೀರು ತಂದ’, ‘ಮಕ್ಕಳು ಮನೆಗೆ ಬಂದ’. ಬೇರೆ ಮನೆಗಳಿಂದ ಪುಸ್ತಕಗಳನ್ನು ತರಿಸಿ ನೋಡಿದರೆ ಅಲ್ಲಿಯೂ ಅವೇ ತಪ್ಪುಗಳು, ಅವೇ ವಾಕ್ಯಗಳಲ್ಲಿ.

ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಸುಮ್ಮನಿದ್ದರು. “ನನ್ನ ಕಟ್ಟಿಸಿದ ಹಲ್ಲುಗಳದ್ದೇ ದೋಷವಿರಬೇಕು. ಮೂವತ್ತು ವರ್ಷ ಕಲಿಸಿದ ಬಾಯಿ ಈಗ ಕೆಟ್ಟಿತು. ಮಕ್ಕಳಿಗೆ ತಪ್ಪು ಕಲಿಸುವುದಕ್ಕಿಂತ ಸುಮ್ಮನಿರುವುದೇ ಮೇಲು, ನೀವು ಬೇರೆಯವರನ್ನು ನೋಡಿಕೊಳ್ಳಿ” ಎಂದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅವರ ಮಾತನ್ನು ಅರ್ಧ ನಂಬಿಯೂ ಬಿಟ್ಟಿದ್ದೆ. ಅದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆ ರಾತ್ರಿ ಮೂರನೆಯ ಪಾಠದ ಮೂಲಪ್ರತಿಯನ್ನು ಹೆಡ್‌ಫೋನಿನಲ್ಲಿ ಕೇಳಿದೆ. ಮಳೆಯ ನಡುವೆಯೂ ಪ್ರತಿಯೊಂದು ಹಕಾರವೂ ಇತ್ತು. ವಾಕ್ಯದ ಕೊನೆಯಲ್ಲಿ ಧ್ವನಿ ಇಳಿಸುವುದು ಅವರ ರೂಢಿ, ಎಲ್ಲರ ರೂಢಿ. ಆ ಇಳಿದ ಧ್ವನಿಯಲ್ಲಿ ‘ತಂದಳು’, ‘ಬಂದರು’ ಎಂಬುದೂ ಸ್ಪಷ್ಟವಾಗಿತ್ತು. ಅಳಿಸಿದವನು ನಾನು. ಹಕಾರವೆಂದರೆ ಉಸಿರು, ಮಳೆಯ ಸದ್ದಿನಂತೆ ಅದೂ ಬರಿಯ ಗಾಳಿಯ ಸುಯ್ಯೆಂಬ ಶಬ್ದ. ಗದ್ದಲವನ್ನು ಒರೆಸಲು ಹೇಳಿದಾಗ ಯಂತ್ರ ಎರಡನ್ನೂ ಒಟ್ಟಿಗೇ ಒರೆಸಿತ್ತು. ಸಕಾರ, ಶಕಾರಗಳೂ ಸವೆದಿದ್ದವು. ವಾಕ್ಯಾಂತ್ಯದ ಮೆಲುದನಿಯನ್ನು ಗೇಟು ಮೌನವೆಂದು ಎಣಿಸಿ ಬಾಗಿಲು ಹಾಕಿತ್ತು.

ಬೇರೆ ಕಡೆ ಇದು ಸಣ್ಣ ದೋಷವಾಗಬಹುದಿತ್ತು. ನಮ್ಮಲ್ಲಿ ಹಾಗಲ್ಲ. ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲಿಯೇ ಬಂದವರು ಯಾರೆಂದು ಹೇಳುತ್ತದೆ: ಬಂದನು, ಬಂದಳು, ಬಂದರು. ಮಲಯಾಳದಲ್ಲಿ ಆ ಬಾಲವಿಲ್ಲ. ಅವನಾದರೂ ಅವಳಾದರೂ ಅವರಾದರೂ ‘ವನ್ನು’ ಒಂದೇ. ಮನೆಯ ತುಳುವಿನಲ್ಲಿ ಈ ಭೇದ ಉಂಟು, ನಿಜ. ಆದರೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಈಗ ತರಗತಿಯಲ್ಲಿಯೂ ಮಗುವಿನ ಕಿವಿಗೆ ಬೀಳುವುದು ಬಾಲವಿಲ್ಲದ ಕ್ರಿಯಾಪದವೇ. ಕನ್ನಡದ ಬಾಲ ಕೇಳಿಸಬಹುದಾಗಿದ್ದ ಒಂದೇ ಒಂದು ಕಡೆಯಲ್ಲಿ ನಾನೇ ಅದನ್ನು ಕತ್ತರಿಸಿದ್ದೆ. ಶುದ್ಧವಾದ ಧ್ವನಿಯ ಮೋಹದಲ್ಲಿ.

ಮರುದಿನ ಬೆಳಿಗ್ಗೆ ಮಾಸ್ತರರ ಮನೆಗೆ ಲ್ಯಾಪ್‌ಟಾಪ್ ಒಯ್ದು ಎರಡು ಪ್ರತಿಗಳನ್ನೂ ಒಂದಾದ ಮೇಲೊಂದು ಕೇಳಿಸಿದೆ. ಅವರು ಮೂಲಪ್ರತಿಯನ್ನು ಮತ್ತೊಮ್ಮೆ ಹಾಕಲು ಹೇಳಿದರು. ಮೂರನೆಯ ಬಾರಿಯೂ ಕೇಳಿದರು. ಬಳಿಕ ಒಳಗೆ ತಿರುಗಿ, “ಇವರಿಗೆ ಚಹಾ ಆಗಲಿ” ಎಂದರು.

ಮೊದಲೆರಡು ಪಾಠಗಳ ಮೂಲವನ್ನು ನಾನು ಉಳಿಸಿಕೊಂಡಿರಲಿಲ್ಲ. ತಿದ್ದಿದ್ದನ್ನೇ ಅದರ ಮೇಲೆ ಬರೆದುಬಿಟ್ಟಿದ್ದೆ. ಅವರು ಅವನ್ನು ಪುನಃ ಓದಿಕೊಟ್ಟರು. ದಯವಿಟ್ಟು ಮೂಲವನ್ನು ವೇವ್ ರೂಪದಲ್ಲಿ ಬೇರೆ ಹೆಸರಿನಿಂದ ತೆಗೆದಿಡಿ. ಈಗ ನಾನು ಮುದ್ರಿಸುವಾಗ ಅತಿ ಎತ್ತರದ ಧ್ವನಿಯೂ ಮಾಪಕದಲ್ಲಿ ಋಣ 6ನ್ನು ದಾಟದಂತೆ ನೋಡುತ್ತೇನೆ, ಏಕೆಂದರೆ ಸೊನ್ನೆಗೆ ತಾಗಿ ಒಡೆದ ಧ್ವನಿಯನ್ನು ಮೊದಲಿನಂತೆ ಮಾಡಲು ಬರುವುದಿಲ್ಲ. ಸದ್ದು ತಗ್ಗಿಸುವುದು 6 ಡೆಸಿಬೆಲ್ ಮಾತ್ರ, ಒಂದೇ ಸಲ. ಗೇಟನ್ನು ಬಿಟ್ಟಿದ್ದೇನೆ. ಮಳೆ ಜೋರಾದರೆ ನಿಲ್ಲಿಸಿ ಕಾಯುತ್ತೇವೆ. ಸಣ್ಣದಾಗಿ ಕೇಳಿಸಿದರೆ ಕೇಳಿಸಲಿ, ನಮ್ಮ ಮಕ್ಕಳು ಮಳೆಯನ್ನು ಅರಿಯದವರಲ್ಲ. ಒಂದೇ ವಾಹಿನಿಯ ಎಂಪಿ3 ಆಗಿ 64 ಕೆಬಿಪಿಎಸ್‌ನಲ್ಲಿ ಉಳಿಸಿದರೆ ಐದು ನಿಮಿಷದ ಪಾಠ ಸುಮಾರು ಎರಡೂವರೆ ಎಂಬಿಯಷ್ಟೇ. ಕಳುಹಿಸುವ ಮುನ್ನ ಮಗಳಿಗೆ ಪುಸ್ತಕ ತೋರಿಸದೆ ಉಕ್ತಲೇಖನ ಬರೆಸುತ್ತೇನೆ. ಅವಳ ಕೈಬರಹಕ್ಕಿಂತ ನಂಬಿಗಸ್ತ ಮಾಪಕ ನನಗೆ ದೊರೆತಿಲ್ಲ.

ಒಂದು ಅಳುಕು ಮಾತ್ರ ಉಳಿದಿದೆ. ಇತ್ತೀಚಿನ ಸಭೆಯೊಂದರಲ್ಲಿ ಯಾರೋ, “ಪಾಠಗಳ ಧ್ವನಿಮುದ್ರಿಕೆ ಇದೆಯಲ್ಲ, ಇನ್ನೇನು ತುರ್ತು?” ಎಂದರು. ಮುದ್ರಿಕೆಯನ್ನು ಮಗು ಪ್ರಶ್ನೆ ಕೇಳಲಾರದು. ‘ತಂದ’ ಎಂದು ಬರೆದಾಗ ಅದು ಕೈ ಹಿಡಿದು ತಿದ್ದಲಾರದು. ಆದುದರಿಂದ ಪ್ರತಿಯೊಂದು ಪಾಠದ ಆರಂಭದಲ್ಲಿ, ಕನ್ನಡ ಬಲ್ಲ ಅಧ್ಯಾಪಕರು ಬರುವವರೆಗಿನ ತಾತ್ಕಾಲಿಕ ವ್ಯವಸ್ಥೆ ಇದು ಎಂಬ ಒಂದು ವಾಕ್ಯವನ್ನು ಮಾಸ್ತರರೇ ಓದುತ್ತಾರೆ. ಅದನ್ನು ತೆಗೆಯಬೇಡವೆಂದು ಅವರ ಅಪ್ಪಣೆ.

ತಾಳವಾಡಿಯಲ್ಲಿಯೋ ಜತ್ತದಲ್ಲಿಯೋ ಯಾರಾದರೂ ಇಂಥ ಕೆಲಸ ಆರಂಭಿಸುವುದಾದರೆ ಕೆಳಗೆ ಬರೆಯಿರಿ, ತಿಳಿದಷ್ಟನ್ನು ಹೇಳುತ್ತೇನೆ. ಹನ್ನೊಂದನೆಯ ಪಾಠ ಈ ಭಾನುವಾರ ಬೆಳಿಗ್ಗೆ, ಮಳೆ ಬಿಟ್ಟರೆ.