ಎಡಗಡೆಯ ಪಿಟೀಲು ಎಲ್ಲಿ ಹೋಯ್ತು?

ಹಾಡು ಕೇಳೋರಿಗೆ ಹೀರೋ ಗೊತ್ತು, ಹೀರೋಯಿನ್ ಗೊತ್ತು, ಹಾಡಿದವರೂ ಗೊತ್ತು. ಆದರೆ ಸ್ಟುಡಿಯೋದ ಮೂಲೆಯಲ್ಲಿ ಕೂತು ಪಿಟೀಲು ಬಾರಿಸಿದವನು ಯಾರಿಗೆ ಗೊತ್ತು ಸ್ವಾಮಿ? ನಮ್ಮ ಹೊಸಪೇಟೆ ೨೦೨೨ರಲ್ಲಿ ಅಪ್ಪುಗೆ ಮೂರ್ತಿ ನಿಲ್ಲಿಸಿದ ಊರು. ಅಭಿಮಾನಕ್ಕೇನೂ ಬರವಿಲ್ಲ. ಪಾಪ, ಆ ಪಿಟೀಲಿನವನಿಗೆ ಮಾತ್ರ ಕಟೌಟಿಲ್ಲ, ಹಾಲಿನ ಅಭಿಷೇಕವಿಲ್ಲ. ಅವನು ನಮಗೆ ಸಿಗೋದು ಸ್ಪೀಕರಿನಲ್ಲಿ ಮಾತ್ರ. ಆ ಸ್ಪೀಕರೇ ಬಾಯಿ ಮುಚ್ಚಿದರೆ?

ನಮ್ಮಣ್ಣ ಹೊಸಪೇಟೆಯಲ್ಲಿ ಚಹಾದಂಗಡಿ ಇಟ್ಟಿದ್ದ. ೧೯೮೪ರಲ್ಲಿ ಕಂತಿನ ಮೇಲೆ ಒಂದು ಸ್ಟೀರಿಯೋ ಆಂಪ್ಲಿಫೈಯರ್ ತಂದ. ಜನ ಬರ್ತಿದ್ದುದು ಚಹಾಕ್ಕೋ ಹಾಡಿಗೋ, ದೇವರೇ ಬಲ್ಲ! ೨೦೧೯ರಲ್ಲಿ ಅಣ್ಣ ತೀರಿಕೊಂಡ. ಅಂಗಡಿ ಮುಚ್ಚಿತು, ಪೆಟ್ಟಿಗೆ ಮನೆಗೆ ಬಂತು. ಸ್ವಿಚ್ ಹಾಕಿದರೆ ‘ಗುಂಯ್’ ಅನ್ನೋದು, ವಾಲ್ಯೂಮ್ ತಿರುಗಿಸಿದರೆ ಕರಕರ. ಗುಜರಿಯವನು ಮುನ್ನೂರು ರೂಪಾಯಿ ಅಂದ. ಅತ್ತಿಗೆ ಒಂದೇ ಮಾತು ಹೇಳಿದರು: “ಅದನ್ನ ತೂಕಕ್ಕ ಹಾಕಬ್ಯಾಡಪ್ಪ.”

ಅಲ್ಲಿಗೆ ತೀರ್ಮಾನವಾಯ್ತು. ಹೊತ್ತುಕೊಂಡು ಬಸ್ಸು ಹತ್ತಿದೆ. ಹೊಸಪೇಟೆ ದಾಟಿ ಅನಂತಶಯನಗುಡಿ ಕಳೆದರೆ ಮಲಪನಗುಡಿ. ಅಲ್ಲೊಬ್ಬ ತಾತ ಇದ್ದಾರೆ. ಜಾತ್ರೆ, ಮದುವೆ, ನಾಟಕಗಳ ಮೈಕ್‌ಸೆಟ್ಟುಗಳನ್ನೆಲ್ಲ ರಿಪೇರಿ ಮಾಡಿದ ಕೈ. ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು.

“ತಾತ, ಇದು ಸರಿ ಆಗತೈತೇನ್ರಿ?”

“ಆಗದ ಏನಪ್ಪ ತಮ್ಮಾ? ಮೊದ್ಲು ಬಿಚ್ಚಿ ನೋಡೋಣು.”

ಬಿಚ್ಚಿದರೆ ಒಳಗೆಲ್ಲ ಕೆಂಪು! ಸಂಡೂರಿನ ಅದಿರು ಲಾರಿಗಳು ಸಾಲುಗಟ್ಟಿ ಓಡಿದ ಕಾಲದ ಧೂಳು. ೨೦೧೧ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು, ಆಮೇಲೆ ಷರತ್ತಿನ ಮೇಲೆ ಮತ್ತೆ ಶುರುವಾಯ್ತು. ಧೂಳು ಮಾತ್ರ ಅಣ್ಣನ ಪೆಟ್ಟಿಗೆಯಲ್ಲೇ ಠಿಕಾಣಿ ಹೂಡಿತ್ತು. ತಮಾಷೆ ನೋಡಿ, ನಮ್ಮ ಕೆಂಪು ಧೂಳು ಕಬ್ಬಿಣದ ಆಕ್ಸೈಡು. ಮಾಮೂಲಿ ಕ್ಯಾಸೆಟ್ಟಿನ ಟೇಪಿಗೆ ಸವರಿದ ಕಂದು ಪುಡಿಯೂ ಕಬ್ಬಿಣದ ಆಕ್ಸೈಡೇ, ಬೇರೆ ಜಾತಿಯದು. ಒಂದು ಹಾಡು ಹಿಡಿದಿಡುತ್ತೆ, ಇನ್ನೊಂದು ಹಾಡು ಕೆಡಿಸುತ್ತೆ!

ತಾತ ಮೊದಲು ದೊಡ್ಡ ಕೆಪಾಸಿಟರುಗಳಲ್ಲಿ ಉಳಿದಿದ್ದ ಕರೆಂಟನ್ನು ಒಂದು ಬಲ್ಬಿಗೆ ಇಳಿಸಿದರು. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಕಾದಿರುತ್ತೆ, ಮುಟ್ಟಿದವನಿಗೆ ಕ್ಲೈಮ್ಯಾಕ್ಸ್. ಆಮೇಲೆ ಬ್ರಷ್ಷು, ಬ್ಲೋವರ್. ವಾಲ್ಯೂಮ್ ಕಂಟ್ರೋಲಿಗೆ ಕ್ಲೀನರ್ ಹೊಡೆದು ಇಪ್ಪತ್ತು ಮೂವತ್ತು ಸಲ ಆಚೆ ಈಚೆ ತಿರುಗಿಸಿದರು. ಕರಕರ ಮಾಯ.

‘ಗುಂಯ್’ ಯಾಕೆ ಬರ್ತಿತ್ತು ಅಂದರೆ, ನಮ್ಮ ಕರೆಂಟು ಸೆಕೆಂಡಿಗೆ ೫೦ ಸೈಕಲ್ಲು, ಡಯೋಡುಗಳನ್ನು ದಾಟಿದ ಮೇಲೆ ೧೦೦ ಅಲೆ. ಆ ಅಲೆಯನ್ನು ಸಮ ಮಾಡೋದು ದೊಡ್ಡ ಕೆಪಾಸಿಟರಿನ ಕೆಲಸ. ಅದರೊಳಗೆ ಒಂದು ರಸ ಇರುತ್ತೆ. ವರ್ಷಗಟ್ಟಲೆ ಬಿಸಿಗೆ ಅದು ಒಣಗುತ್ತೆ. ಒಣಗಿದರೆ ಅಲೆ ನೇರವಾಗಿ ಸ್ಪೀಕರಿಗೆ.

ಆಮೇಲೆ ತಾತ ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ನಿಶ್ಶಬ್ದ!

“ಎಡಗಡೆ ಸತ್ತು ಬಾಳ ವರ್ಷ ಆಗೈತಿ ತಮ್ಮಾ.”

ಅಂಗಡಿಯಲ್ಲಿ ಅದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಈ ಮಾದರಿಯಲ್ಲಿ ಪ್ರತಿ ಸ್ಪೀಕರಿನ ದಾರಿಯಲ್ಲೂ ಒಂದು ಕೆಪಾಸಿಟರ್ ಇರುತ್ತೆ. ಅದು ಒಣಗುತ್ತಾ ಬಂದಂತೆ ಮೊದಲು ತಬಲದ ಗುಮುಕು ಹೋಗುತ್ತೆ, ಆಮೇಲೆ ದನಿಯೇ ಇಂಗಿ ಹೋಗುತ್ತೆ. ಅಣ್ಣ ಹೆಚ್ಚಾಗಿ ಹಾಕ್ತಿದ್ದುದು ೧೯೭೨ರ ‘ಬಂಗಾರದ ಮನುಷ್ಯ’ನ ಕಾಲದ ಹಾಡುಗಳು. ಅವು ಬಹುಪಾಲು ಮೊನೊ. ಎರಡೂ ಸ್ಪೀಕರಿನಲ್ಲಿ ಬರೋದು ಒಂದೇ, ಒಂದು ನಿಂತರೂ ಇನ್ನೊಂದರಲ್ಲಿ ಅಣ್ಣಾವ್ರು ಪೂರ್ತಿ ಸಿಗ್ತಾರೆ. ಸ್ಟೀರಿಯೋ ಹಾಗಲ್ಲ. ಗಾಯಕ ನಡುವೆ ನಿಲ್ತಾನೆ, ವಾದ್ಯದವರು ಎಡಬಲಕ್ಕೆ ಹಂಚಿ ಹೋಗ್ತಾರೆ. ಒಂದು ಕಡೆ ಸತ್ತರೆ ಕಡಿಮೆಯಾಗೋದು ಸದ್ದಲ್ಲ ಸ್ವಾಮಿ, ಮನುಷ್ಯರು!

ಬಿಡಿಭಾಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬರೋಕೆ ಎಂಟು ದಿನ. ಎಲ್ಲಾ ಟ್ರಾನ್ಸಿಸ್ಟರೂ ಹೊಸದು ಹಾಕಿಬಿಡಿ ಅಂದೆ. ತಾತ ಒಪ್ಪಲಿಲ್ಲ.

“ಈ ಟೂ ಎನ್ ೩೦೫೫ ಅಸಲಿ ಮಾಲು. ಈಗಿನ ಬಜಾರದಾಗ ಬಾಳ ಡೂಪ್ ಅದಾವ. ಹೀರೋ ಗಟ್ಟಿ ಇದ್ದಾಗ ಡೂಪ್ ಯಾಕ?”

ಟ್ರಾನ್ಸಿಸ್ಟರಿನ ಕೆಳಗಿನ ಅಭ್ರಕದ ತಗಡು ಒರೆಸಿ, ಬಿಸಿ ದಾಟಿಸುವ ಬಿಳಿ ಪೇಸ್ಟ್ ಹೊಸದಾಗಿ ಹಚ್ಚಿದರು. ಮುಪ್ಪಾದದ್ದನ್ನು ತೆಗೆಯೋದು, ಗಟ್ಟಿ ಇದ್ದದ್ದನ್ನು ಉಳಿಸೋದು. ಸರ್ವೀಸ್ ಅಂದರೆ ಇದೇ ಅಂತ ಅವತ್ತು ಕಂಡೆ. ಎಪ್ಪತ್ತು ದಾಟಿದ ಕೈ ನಡುಗ್ತಿತ್ತು. ಆದರೆ ಕಾವೇರಿದ ಕಡ್ಡಿ ಬೋರ್ಡಿಗೆ ತಾಗಿದ ಕೂಡಲೇ ಕಲ್ಲಿನ ಹಾಗೆ ನಿಲ್ತಿತ್ತು.

“ನಿಮ್ಮ ಮಗ ಈ ಕೆಲಸ ಕಲಿತಾನೇನ್ರಿ?”

“ಮೊಬೈಲ್ ಅಂಗಡಿ ಇಟ್ಟಾನ. ಬೋರ್ಡು ಬದ್ಲಿ ಮಾಡೋದು ಕಲ್ತಾನ, ಬೋರ್ಡು ಓದೋದು ಕಲೀಲಿಲ್ಲ.”

ಕೊನೆಗೆ ನೂರು ವ್ಯಾಟ್ ಬಲ್ಬನ್ನು ಸೀರೀಸಿನಲ್ಲಿ ಕೊಟ್ಟು ಸ್ವಿಚ್ ಒತ್ತಿದರು. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಇದು ಪಟ್ಟನೆ ಬೆಳಗಿ ಮಂಕಾಯ್ತು. ಪಾಸ್! ಅಣ್ಣನ ಎಂಬತ್ತರ ದಶಕದ ಸ್ಟೀರಿಯೋ ಕ್ಯಾಸೆಟ್ ಹಾಕಿದೆವು. ಯಾವ ಹಾಡು ಅಂತ ಹೇಳೋದಿಲ್ಲ, ನಿಮ್ಮ ನಿಮ್ಮ ಹೀರೋದೇ ಅಂದ್ಕೊಳ್ಳಿ, ಜಗಳ ಬೇಡ. ಪಲ್ಲವಿ ಮುಗಿದದ್ದೇ ತಡ, ಎಡಗಡೆಯಿಂದ ಪಿಟೀಲುಗಳ ಒಂದು ದಂಡೇ ಎದ್ದು ಬಂತು! ನೂರು ಸಲ ಕೇಳಿದ ಹಾಡಿನಲ್ಲಿ ಇಷ್ಟು ಜನ ಇದ್ದರಾ?

“ಅವ್ರು ಬಾರಿಸ್ತಾನ ಇದ್ರು ತಮ್ಮಾ, ದಾರಿ ಮುಚ್ಚಿತ್ತಷ್ಟ,” ಅಂದರು ತಾತ.

ಆ ಕಾಲದ ಕನ್ನಡ ಹಾಡುಗಳಲ್ಲಿ ಎಷ್ಟೋ ಹುಟ್ಟಿದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಎಲೆಕ್ಟ್ರಾನಿಕ್ಸ್ ಕಟ್ಟಿದ್ದು ಇಲ್ಲೇ ಒಳ್ಳೆ ಧ್ವನಿಮುದ್ರಣ ಆಗಲಿ ಅಂತ. ಅಷ್ಟು ಕಷ್ಟಪಟ್ಟು ಹಿಡಿದ ನಾದ ಒಂದು ಒಣಗಿದ ಕೆಪಾಸಿಟರಿನ ಹತ್ತಿರ ನಿಂತುಹೋಗಬೇಕೇ?

ಒಟ್ಟು ಖರ್ಚು ೧೪೫೦ ರೂಪಾಯಿ. ಅತ್ತಿಗೆ ಪೂರ್ತಿ ಒಂದು ಕ್ಯಾಸೆಟ್ ಎರಡೂ ಕಡೆ ಕೇಳಿದರು, ಮಾತಾಡಲಿಲ್ಲ.

ಅಭಿಮಾನಿ ಗೆಳೆಯರೇ, ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದೀತು. ಮುಚ್ಚಳ ಮಾತ್ರ ನೀವೇ ಬಿಚ್ಚಬೇಡಿ. ಒಂದು ಸ್ಟೀರಿಯೋ ಹಾಡು ಹಾಕಿ ಬ್ಯಾಲೆನ್ಸ್ ಗುಂಡಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ. ಯಾವುದಾದರೂ ಕಡೆ ಮೌನವಿದ್ದರೆ ನಿಮ್ಮೂರಿನ ತಾತನನ್ನು ಹುಡುಕಿಕೊಂಡು ಇವತ್ತೇ ಹೊರಡಿ. ಬೋರ್ಡು ಓದೋರು ಇನ್ನೂ ಇದ್ದಾರೆ!