ಹೊರಗೆ ಹೋಗದ ಘಾಟು

ಉಪ್ಸಾರಿನ ಖಾರಕ್ಕೆ ಒಣಮೆಣಸಿನಕಾಯಿ ಹುರಿಯುತ್ತಿರುವ ಮನೆಯನ್ನು ಪಾಂಡವಪುರದ ಬೀದಿಯಲ್ಲಿ ಹುಡುಕಬೇಕಿಲ್ಲ. ಪಡಸಾಲೆಯಲ್ಲಿ ಕೂತವರ ಕೆಮ್ಮೇ ವಿಳಾಸ ಹೇಳುತ್ತದೆ. ಅಡುಗೆಮನೆಯ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇಲ್ಲವೆಂದಲ್ಲ. ಇದೆ, ಓಡುತ್ತಲೂ ಇದೆ. ‘ಫ್ಯಾನೇನೋ ತಿರುಗ್ತದೆ ಕಣಣ್ಣ, ಘಾಟು ಮಾತ್ರ ಹೋಗಲ್ಲ’ ಎಂದು ಮನೆಯಾಕೆ ಎಲೆಕ್ಟ್ರಿಷಿಯನ್ ಮುಂದೆ ದೂರಿಡುತ್ತಾಳೆ.

ತಿರುಗದ ಫ್ಯಾನಿನ ರಿಪೇರಿಯೇ ವಾಸಿ. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ರೆಕ್ಕೆ ಮಿಸುಕುವುದಿಲ್ಲ. ಕರೆಂಟ್ ತೆಗೆದು ರೆಕ್ಕೆಯನ್ನು ಕೈಯಿಂದ ಸುತ್ತಿಸಿದಾಗ ಸಲೀಸಾಗಿ ಸುತ್ತಿದರೆ ಅನುಮಾನ ಕಂಡೆನ್ಸರ್ ಮೇಲೆ. ಬಿಗಿಯಾಗಿದ್ದರೆ ಬುಷ್ ಇಲ್ಲವೇ ಬೇರಿಂಗ್ ಮೇಲೆ. ಹಲವು ಸಲ ಎರಡೂ ಕೆಟ್ಟಿರುವುದಿಲ್ಲ. ವರ್ಷಗಟ್ಟಲೆ ಒಗ್ಗರಣೆಯ ಎಣ್ಣೆಗೆ ದೂಳು ಕೂತು ರೆಕ್ಕೆಯ ಬುಡದಲ್ಲಿ ಕಪ್ಪು ಅಂಟು ಕಟ್ಟಿರುತ್ತದೆ. ಚಾಕುವಿನಲ್ಲಿ ಕೆರೆದು, ಬಿಚ್ಚಿದ ರೆಕ್ಕೆಯನ್ನು ಸೋಪುಪುಡಿಯ ಬಿಸಿನೀರಲ್ಲಿ ತೊಳೆದರೆ ಅರ್ಧ ಕೆಲಸ ಮುಗಿಯಿತು. ರಿವೈಂಡಿಂಗ್ ಮಾಡಿಸಿ ತಂದ ಫ್ಯಾನಿನಲ್ಲಿ ವೈರು ಅದಲುಬದಲಾಗಿ ಅದು ಉಲ್ಟಾ ತಿರುಗುವುದೂ ಉಂಟು. ಆಗ ಘಾಟನ್ನು ಹೊರಗೆ ತಳ್ಳುವ ಬದಲು ಮುಖಕ್ಕೇ ಬೀಸುತ್ತದೆ.

ಇನ್ನು ವೋಲ್ಟೇಜ್. ಕಬ್ಬು, ಭತ್ತದ ಸೀಮೆಯಲ್ಲಿ ತ್ರೀಫೇಸ್ ಬಿಟ್ಟ ಹೊತ್ತಿಗೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದರೆ ಮನೆಯ ದೀಪ ಮಂಕಾಗುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಮೋಟಾರಿನ ತಿರುಗುಬಲ ಶೇಕಡ 40ರಷ್ಟು ಕುಸಿಯುತ್ತದೆ. ಬೆಳಗ್ಗೆ ಚೆನ್ನಾಗಿದ್ದು ಸಂಜೆ ಸೋಲುವ ಫ್ಯಾನಿಗೆ ಹೊಸ ಕಂಡೆನ್ಸರ್ ಹಾಕಿಸುವುದು ದಂಡ. ಶ್ರೀರಂಗಪಟ್ಟಣದ ಕಡೆ ಆಷಾಢದಲ್ಲಿ ಪಡುವಣ ಗೋಡೆಯ ಫ್ಯಾನ್ ಸೋಲುವುದಕ್ಕೆ ಎದುರುಗಾಳಿಯೇ ಕಾರಣವಿರಬಹುದು.

ಇದೆಲ್ಲ ಸರಿಯಿದ್ದೂ ಘಾಟು ನಿಂತಿದ್ದರೆ? ಎಲ್ಲ ಕಿಟಕಿ, ಬಾಗಿಲು ಮುಚ್ಚಿ, ಓಡುವ ಫ್ಯಾನಿನ ಜಾಲರಿಗೆ ಒಂದು ಹಾಳೆ ಹಿಡಿಯಬೇಕು. ಹಾಳೆ ಜಾರಿ ಬಿದ್ದರೆ, ಆಮೇಲೆ ಕಿಟಕಿ ತೆರೆದಾಗ ಪಟ್ಟನೆ ಅಂಟಿಕೊಂಡರೆ, ಫ್ಯಾನಿನದು ತಪ್ಪಿಲ್ಲ. ಒಳಗೆ ಗಾಳಿ ಬರದೆ ಹೊರಗೆ ಹೋಗುವುದಾದರೂ ಏನು? ತೊಟ್ಟಿಮನೆಗೆ ನಡುವೆ ಆಕಾಶವೇ ತೆರೆದಿತ್ತು, ಹೆಂಚಿನ ಸಂದಿಯಲ್ಲಿ ಹೊಗೆ ತಾನಾಗಿ ಏರುತ್ತಿತ್ತು. ಸೊಳ್ಳೆಗೆ ಹೆದರಿ ಬಿಗಿಯಾಗಿ ಮುಚ್ಚಿದ ಆರ್‌ಸಿಸಿ ಮನೆಗೆ ಆ ಭಾಗ್ಯವಿಲ್ಲ.

ಫ್ಯಾನೇ ಇಲ್ಲದ ಒಲೆಗೂ ಇದೇ ಮಾತು. ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುತ್ತಿದ್ದ ಅಸ್ತ್ರ ವಿಭಾಗಕ್ಕೆ ಒಂದು ಕೇಂದ್ರವಿತ್ತು. ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಈ ವಿಭಾಗವೇ ಮುಂದೆ ಅಸ್ತ್ರ ಒಲೆಯನ್ನು ರೂಪಿಸಿತು. ಅದರಲ್ಲಿ ಸೌದೆಯ ಕೆಳಗಿನಿಂದ ಗಾಳಿ ಬರಬೇಕು, ಹೊಗೆ ಚಿಮಣಿಯಿಂದ ಹೋಗಬೇಕು. ಚಿಮಣಿಯಲ್ಲಿ ಮಸಿ ಕಟ್ಟಿದರೂ ಅಷ್ಟೆ, ಕೆಳಗೆ ಬೂದಿ ತುಂಬಿದರೂ ಅಷ್ಟೆ: ಹೊಗೆ ಅಡುಗೆಮನೆಗೇ ತಿರುಗುತ್ತದೆ. ಕರೆಂಟ್ ಬೇಡದ ಆ ಒಲೆಗೂ ಕರೆಂಟಿನ ಫ್ಯಾನಿಗೂ ಕಾಯಿಲೆ ಒಂದೇ.

ಕೆ.ಆರ್.ಪೇಟೆಯ ಬಡಗಿಯೊಬ್ಬ ಬಾಗಿಲ ಅಡಿ ಒಂದಿಂಚು ಕೊಯ್ದರೆ, ಇಲ್ಲವೇ ಎದುರು ಕಿಟಕಿಗೆ ಸೊಳ್ಳೆಜಾಲರಿ ಹೊಡೆದು ತೆರೆದಿಟ್ಟರೆ ಅಡುಗೆಮನೆಯ ಮಟ್ಟಿಗೆ ಸಾಕು. ಒಳಗೇ ಗ್ಯಾಸ್ ಗೀಸರ್ ಇರುವ ಬಚ್ಚಲಮನೆಗೆ ಇಷ್ಟು ಸಾಲದು. ಅಲ್ಲಿ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಫ್ಯಾನ್ ಓಡುತ್ತಿದೆ ಎಂದು ನೆಚ್ಚುವಂತಿಲ್ಲ. ಗೀಸರನ್ನು ಬಚ್ಚಲಿನ ಹೊರಗೋಡೆಗೆ ಸಾಗಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಬೇಕು.