ಜಕ್ಕೂರಿನಿಂದ ದೇವನಹಳ್ಳಿಗೆ

ಹೆಬ್ಬಾಳವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಹೊರಟವರಿಗೆ ಬಲಗಡೆ ಜಕ್ಕೂರಿನ ವಿಮಾನಶಾಲೆ ಎದುರಾಗುತ್ತದೆ. 1949ರಲ್ಲಿ ಆರಂಭವಾದ ಈ ಶಾಲೆಯಲ್ಲಿ ಹಾರಲು ಕಲಿತ ತರುಣರೆಷ್ಟೋ ಮಂದಿ! ವೃತ್ತಿಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅದೇ ರಸ್ತೆಯಲ್ಲಿ ಮುಂದೆ ಸಾಗಿದರೆ ದೇವನಹಳ್ಳಿಯ ದೊಡ್ಡ ನಿಲ್ದಾಣ.

ಅದರ ಬೇಲಿಯಾಚೆ ನಿಂತು ವಿಮಾನಗಳು ಏರುವುದನ್ನು ನೋಡುವಾಗ ಪೈಲಟರ ಮೇಲೆ ಯಾರಿಗಾದರೂ ಅಸೂಯೆ ಹುಟ್ಟೀತು. ವರ್ಷಕ್ಕೆ 1000 ಗಂಟೆ ಮೀರಿ ಹಾರಕೂಡದೆಂಬುದು ನಿಯಮ. ಎಂದರೆ ದಿನಕ್ಕೆ ಮೂರು ಗಂಟೆಗೂ ಕಡಿಮೆ. ನಾವು ಅಧ್ಯಾಪಕರೂ ಅಷ್ಟು ಹೊತ್ತು ಪಾಠ ಹೇಳುವುದುಂಟು! ಆದರೆ ನಡುರಾತ್ರಿ ಮನೆ ಬಿಟ್ಟು ಹೊರಡುವುದು, ಏರುವ ಮುನ್ನ ಮೋಡ, ಗಾಳಿ, ಇಂಧನಗಳ ವಿಚಾರಣೆ, ಪರವೂರಿನ ಹೋಟೆಲಿನಲ್ಲಿ ಪರದೆಯೆಳೆದು ಹಗಲನ್ನೇ ಇರುಳು ಮಾಡಿಕೊಂಡು ಮಲಗುವುದು, ಇವಾವುವೂ ಆ ಸಾವಿರದಲ್ಲಿ ಸೇರವು.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಂಗಡಿಗ ಮಹಿಳೆಯರು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮೇಲಾಗಿ ಇಲ್ಲಿಗೆ ಬಂದಿಳಿದರು. ಅಂಥ ದಿನದ ಸಂತೃಪ್ತಿಗೆ ಬೆಲೆ ಕಟ್ಟುವವರಾರು? ಆದರೆ ನಿತ್ಯದ ಹಾರಾಟದಲ್ಲಿ ಧ್ರುವವಿಲ್ಲ. ಹುಬ್ಬಳ್ಳಿ, ಮಂಗಳೂರು, ಮರಳಿ ಬೆಂಗಳೂರು.

2025ರ ಜುಲೈಯಲ್ಲಿ ಪೈಲಟರ ವಾರದ ವಿಶ್ರಾಂತಿ 36 ಗಂಟೆಗಳಿಂದ 48ಕ್ಕೆ ಏರಿತು. ಹನ್ನೆರಡೇ ಗಂಟೆಯೇ ಎನ್ನಬಹುದು. ಮಗುವನ್ನು ರಾತ್ರಿ ಮಲಗಿಸಿ, ಬೆಳಗ್ಗೆ ಅದರ ಕೈಹಿಡಿದು ಶಾಲೆಯ ಬಾಗಿಲವರೆಗೆ ಬಿಟ್ಟುಬರಲು ಅಷ್ಟು ಸಾಕು.